ಮೊಣಕೈ ನೋಡಿ ಊದುವವರು

ಮೊನ್ನೆ ಮಂಡ್ಯದ ಮೈದಾನದಲ್ಲಿ ಒಂದು ಸಭೆಯಾಯಿತು. ಖಾದಿ ಟೋಪಿಯ ಒಬ್ಬರು ವೇದಿಕೆಯ ಮೇಲೆ ನಿಂತು ನಮ್ಮಣ್ಣನ ಮದುವೆಯ ಕತೆ ಹೇಳಿದರು. ಆ ಮದುವೆಗೆ ಅವರು ಬಂದಿರಲಿಲ್ಲ, ನಾನಿದ್ದೆ. ಆದರೂ ಅವರ ಕತೆ ನಾನು ಕಂಡದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ನಡೆಯದೇ ಇದ್ದದ್ದಕ್ಕೆ ಆ ಅನುಕೂಲ ಯಾವಾಗಲೂ ಇರುತ್ತದೆ.

ಮೈಸೂರಿನ ಕಾಲೇಜಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಮೇಷ್ಟರದು ಒಂದು ನಿಯಮವಿತ್ತು: ಎದುರಾಳಿಯ ವಾದವನ್ನು ಮೊದಲು ಅವನಿಗಿಂತ ಚೆನ್ನಾಗಿ ಹೇಳು, ಆಮೇಲೆ ಮುರಿ. ಆ ಮರ್ಯಾದೆಗೆ ತಪ್ಪದೆ ಊರಿನವರ ಕತೆಯನ್ನೇ ಮೊದಲು ಹೇಳುತ್ತೇನೆ.

ಒಬ್ಬ ಒಕ್ಕಲುಮನೆಯ ಹುಡುಗ. ಕ್ಲಾರಿನೆಟ್ಟೇ ಅವನ ಉಸಿರು. ಗುರು ಮುಸಲ್ಮಾನರು. ಮಳವಳ್ಳಿ ಕಡೆಯ ಗೌಡರೊಬ್ಬರು ತಮ್ಮ ಮಗಳನ್ನು ಕೊಡಬೇಕಾದರೆ ಬ್ಯಾಂಡು ಬಿಡಬೇಕು ಅಂದರು. ಹುಡುಗ ಎದೆ ಕಲ್ಲು ಮಾಡಿಕೊಂಡು ಒಪ್ಪಿದ. ಮದುವೆಯ ಮೆರವಣಿಗೆ ಮಸೀದಿಯ ಮುಂದೆ ಬಂತು. ಕಾಲ ಕೆಟ್ಟಿತ್ತು. ಎರಡು ಕಡೆಯವರೂ ದೊಣ್ಣೆ ಹಿಡಿದು ನಿಂತರು. ಆಗ ಮದುಮಗ ಕಾರಿನಿಂದ ಧುಮುಕಿ, ತನ್ನ ಬದಲಿಗೆ ಬಂದಿದ್ದ ಬಾಡಿಗೆಯವನ ಕೈಯಿಂದ ಕ್ಲಾರಿನೆಟ್ ಕಸಿದುಕೊಂಡು ನುಡಿಸಿದ. ಆ ನಾದಕ್ಕೆ ದೊಣ್ಣೆಗಳು ಕೆಳಗಿಳಿದವು. ಗಡ್ಡದ ಮುದುಕರು ಕಣ್ಣೊರೆಸಿಕೊಂಡರು. ಮಾವನಾದವನು ಅಳಿಯನನ್ನು ತಬ್ಬಿಕೊಂಡ. ಸಂಗೀತಕ್ಕೆ ಜಾತಿಯಿಲ್ಲ, ಮಹಾಜನರೇ.

ಚಪ್ಪಾಳೆ.

ಈಗ ನನ್ನ ಸರದಿ. ದೊಣ್ಣೆ ಯಾರ ಕೈಯಲ್ಲೂ ಇರಲಿಲ್ಲ. ಇದ್ದ ಕೋಲುಗಳೆಲ್ಲ ಡ್ರಮ್ಮಿನವರ ಕೈಯಲ್ಲಿದ್ದವು. ಮುದುಕರು ಅಳಲಿಲ್ಲ. ಮಾವನಾದವನು ಅಳಿಯನನ್ನು ತಬ್ಬಿಕೊಂಡಿಲ್ಲ. ಅವತ್ತಿನಿಂದ ಇವತ್ತಿನವರೆಗೆ ನಮ್ಮ ಹೊಸಲು ತುಳಿದಿಲ್ಲ. ಇನ್ನು ನಮ್ಮಣ್ಣ ನುಡಿಸಿದ್ದು. ಅವನು ನುಡಿಸಿದ್ದು ಒಂದೇ ಒಂದು ಸ್ವರ. ಅದೂ ನುಡಿಸುವುದಕ್ಕಲ್ಲ, ನಿಲ್ಲಿಸುವುದಕ್ಕೆ.

ಇದು ಅರ್ಥವಾಗಬೇಕಾದರೆ ನಮ್ಮೂರಿನ ಬ್ಯಾಂಡ್ ಸೆಟ್ಟು ಹೇಗೆ ಊದುತ್ತಿತ್ತು ಎನ್ನುವುದು ಗೊತ್ತಿರಬೇಕು.

ಚಾನಲ್ ನೀರು ಬರುವ ಮೊದಲು ಮಂಡ್ಯದ ಕಡೆ ಮದುವೆಗೆ ವಾಲಗ ಸಾಕಾಗಿತ್ತು. ನೀರು ಬಂತು, ಕಬ್ಬು ಬಂತು, ಕಾರ್ಖಾನೆ ಬಂತು; ರಾಗಿ ಮುದ್ದೆ ತಿಂದುಕೊಂಡಿದ್ದ ಗೌಡರುಗಳಿಗೆ ಮಕ್ಕಳ ಮದುವೆಗೆ ಬ್ಯಾಂಡು ಬೇಕು ಅನ್ನಿಸಿತು. ಪೇಟೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ಸಾಬರೊಬ್ಬರು ಇದನ್ನು ಎಲ್ಲರಿಗಿಂತ ಮೊದಲು ಮೂಸಿದರು. ಗ್ಯಾಸ್‌ಲೈಟು ರಿಪೇರಿ, ಕೊಡಕ್ಕೆ ಬೆಸುಗೆ ಅವರ ಕಸುಬು. ಹರೆಯದಲ್ಲಿ ಬೆಂಗಳೂರು ದಂಡಿನಲ್ಲಿ ಯಾವುದೋ ಪಲ್ಟನ್ನಿನ ಬ್ಯಾಂಡಿನವರ ಜೊತೆ ಓಡಾಡಿದ್ದರಂತೆ. ಅಲ್ಲಿಂದಲೇ ಹಳೆಯ ವಾದ್ಯಗಳನ್ನೂ ಕೆಂಪು ಕೋಟುಗಳನ್ನೂ ತಂದರು. ವಾದ್ಯಗಳ ತಗ್ಗುಗಳನ್ನು ತಾವೇ ಬಡಿದು ಸರಿ ಮಾಡಿದರು. ಕೋಟುಗಳನ್ನು ಸರಿ ಮಾಡಲಿಲ್ಲ. ಯಾರೋ ದಪ್ಪ ಸೋಲ್ಜರುಗಳ ಕೋಟಿನೊಳಗೆ ನಮ್ಮ ಬಡಕಲು ಹೈಕಳು ನಿಂತರೆ, ಹೊಲದ ಬೆರ್ಚಪ್ಪನಿಗೆ ಯುದ್ಧದ ಹುಚ್ಚು ಹಿಡಿದ ಹಾಗೆ ಕಾಣುತ್ತಿತ್ತು.

ಊರೆಲ್ಲ ಅವರನ್ನು ಮೇಷ್ಟ್ರು ಅನ್ನುತ್ತಿತ್ತು. ಇಸವಿ ಮೂವತ್ತೆಂಟು ಮೂವತ್ತೊಂಬತ್ತರ ಸುಮಾರಿಗೆ ನಮ್ಮಣ್ಣ ಅವರ ಅಂಗಡಿಗೆ ಗ್ಯಾಸ್‌ಲೈಟು ರಿಪೇರಿಗೆ ಕೊಡಲು ಹೋದವನು ಕ್ಲಾರಿನೆಟ್ ಹಿಡಿದುಕೊಂಡು ಬಂದ. ಲೈಟು ಆಮೇಲೆ ಬಂತು.

ಸೆಟ್ಟಿನಲ್ಲಿ ಓದು ಬಲ್ಲವರೇ ಕಮ್ಮಿ, ಇನ್ನು ಸ್ವರ ಬರೆದುಕೊಂಡು ಊದುವುದು ಎಲ್ಲಿಂದ ಬರಬೇಕು? ಎಲ್ಲ ಬಾಯಿಪಾಠ. ಅದರಲ್ಲೂ ಹಾಡು ಮೊದಲಿಂದ ಕೊನೆಯವರೆಗೆ ಗೊತ್ತಿದ್ದದ್ದು ಕ್ಲಾರಿನೆಟ್ಟಿನವನೊಬ್ಬನಿಗೆ. ಮಿಕ್ಕವರಿಗೆ ಮೇಷ್ಟ್ರು ಹಾಕಿಕೊಟ್ಟಿದ್ದ ಉಪಾಯ ಇದು: ಎಲ್ಲರೂ ಕ್ಲಾರಿನೆಟ್ಟಿನವನ ಎಡ ಮೊಣಕೈ ನೋಡುತ್ತಿರಬೇಕು. ಹಾಡು ನಿಲ್ಲಿಸಬೇಕಾದಾಗ ಅವನು ಒಂದೇ ಸ್ವರವನ್ನು ಉದ್ದಕ್ಕೆ ಎಳೆದು, ಕೋಳಿ ರೆಕ್ಕೆ ಎತ್ತಿದ ಹಾಗೆ ಮೊಣಕೈ ಎತ್ತುತ್ತಾನೆ. ಕೈ ಇಳಿದ ತಕ್ಷಣ ಎಲ್ಲರೂ ಗಪ್. ಮತ್ತೆ ಶುರು ಮಾಡುವುದಕ್ಕೂ ಅದೇ ರೆಕ್ಕೆ.

“ಒಬ್ಬ ದಾರಿ ನೋಡ್ಬೇಕು, ಮಿಕ್ಕೋರು ಅವನ್ನ ನೋಡ್ಬೇಕು,” ಎನ್ನುವುದು ಮೇಷ್ಟ್ರ ಸಿದ್ಧಾಂತ. ಇದನ್ನೇ ನಮ್ಮೂರಿನವರು ಶಿಸ್ತು ಅಂತ ಹೊಗಳಿದರು. ಬ್ಯಾಂಡು ಸೇರಿದ ಮೇಲೆ ಹುಡುಗರು ಕುಡಿಯುವುದು ಬಿಟ್ಟರು, ಹೊತ್ತಿಗೆ ಸರಿಯಾಗಿ ಎದ್ದರು, ಸಾಬರ ಹುಡುಗರೂ ಗೌಡರ ಹುಡುಗರೂ ಒಟ್ಟಿಗೆ ಹೆಜ್ಜೆ ಹಾಕುವುದು ಕಲಿತರು. ಇರಬಹುದು. ಆದರೆ ಜೊತೆಗೆ ಇನ್ನೊಂದನ್ನೂ ಕಲಿತರು. ಊರಿನೊಳಗೆ ನಡೆಯುತ್ತಾ ಊರನ್ನು ನೋಡದೆ ಇರುವುದನ್ನು ಕಲಿತರು.

ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಜನ ಸೇರಿಸಲು ಲಾರಿ ಬರುತ್ತಿತ್ತು. ಲಾರಿಯ ಮುಂದೆ ನಮ್ಮ ಬ್ಯಾಂಡು. ಸ್ವಲ್ಪ ದಿನಕ್ಕೆ ಚಳವಳಿಯಲ್ಲಿ ಜೈಲಿಗೆ ಹೋಗಿದ್ದವರು ಬಿಡುಗಡೆಯಾಗಿ ಬಂದರು. ಅವರ ಮುಂದೆಯೂ ನಮ್ಮ ಬ್ಯಾಂಡು. ಹಾಡೂ ಅದೇ. ದೊಡ್ಡ ಡ್ರಮ್ಮು ಬಡಿಯುವವನನ್ನು ನಾನು ಕೇಳಿದೆ:

“ಅಲ್ಲ ಕಣ್ಲಾ, ದಂಡಿಗೆ ಸೇರ್ಸೋಕೂ ಅದೇ ಆಡು, ದಂಡು ತೊಲಗ್ಲಿ ಅನ್ನೋರ್ಗೂ ಅದೇ ಆಡಾ?”

“ಎರಡ್ರಲ್ಲೂ ನಡ್ಕೊಂಡೇ ಓಗ್ಬೇಕಲ್ವಾ ಮತ್ತೆ?” ಅಂದ.



ಊದುವವರ ಪಾಡು ಇದು. ಇನ್ನು ಮೊಣಕೈ ಇದ್ದವನ ಪಾಡು. ವರ್ಷಗಟ್ಟಲೆ ಒಂದು ಗುಂಪು ಗಂಡಸರು ಕಣ್ಣು ಕೀಳದೆ ನಿನ್ನ ಕೈಯನ್ನೇ ನೋಡಿಕೊಂಡು ನಡೆದರೆ ನಿನ್ನ ತಲೆ ಏನಾಗುತ್ತದೆ? ಒಂದು ಸಲ ಕರೆಂಟು ತಯಾರಾಗುವ ಬ್ಲಫ್‌ನಲ್ಲಿ ಯಾರೋ ದೊಡ್ಡ ಇಂಜಿನಿಯರಿಗೆ ಬೀಳ್ಕೊಡುಗೆ ಅಂತ ಸೆಟ್ಟನ್ನು ಕರೆಸಿದರು. ಕರೆಂಟು ದೀಪದ ಕೆಳಗೆ ಊದಿದರಂತೆ. ಊಟ ಹಿತ್ತಲಲ್ಲಿ, ನೆಲದ ಮೇಲೆ. ಆದರೆ ಒಬ್ಬ ದೊರೆಸಾನಿ ಕೈಚೀಲ ಕೆಳಗಿಟ್ಟು ಚಪ್ಪಾಳೆ ಹೊಡೆದಳಂತೆ. ಹಿತ್ತಲಿನ ವಿಚಾರವನ್ನು ನಮ್ಮಣ್ಣ ಒಂದೇ ಸಲ ಹೇಳಿದ. ಕೈಚೀಲದ ವಿಚಾರ ಇವತ್ತಿಗೂ ಮುಗಿದಿಲ್ಲ. ಅಲ್ಲಿಂದ ಬಂದ ಮೇಲೆ ಮನೆಯಲ್ಲೂ ಶುರುವಾಯಿತು. ಅವ್ವ ಏನಾದರೂ ಹೇಳಿಕೊಂಡು ಹೋಗುತ್ತಿದ್ದರೆ, ಸಾಕು ಅನ್ನುವುದಕ್ಕೆ ಬದಲು ಎಡ ಮೊಣಕೈ ಎತ್ತುತ್ತಿದ್ದ.

“ಅದೇನ್ಲಾ ಅದು, ಕಂಕುಳಲ್ಲಿ ಕುರು ಎದ್ದದಾ?” ಅನ್ನುತ್ತಿದ್ದಳು ಅವ್ವ.

ಅವಳೊಬ್ಬಳೇ ಆ ಕೈಗೆ ನಿಲ್ಲದೆ ಇದ್ದವಳು.

ಬ್ಯಾಂಡಿನಿಂದ ಅವನಿಗೆ ಹೆಸರು ಬಂತು, ಹೆಣ್ಣು ಬರಲಿಲ್ಲ. ಮದುವೆಗೆ ಬ್ಯಾಂಡು ಬೇಕೇ ಬೇಕು ಅನ್ನುವ ಗೌಡರುಗಳಿಗೆ ಬ್ಯಾಂಡಿನವನು ಅಳಿಯನಾಗಿ ಬೇಡ. ಊದುವುದು ಅಂದರೆ ಎಂಜಲು. ಬಾಯಿಗಿಟ್ಟ ವಾದ್ಯವನ್ನು ಹಿಡಿದು ಇನ್ನೊಬ್ಬರ ಚಪ್ಪರದ ಹೊರಗೆ ನಿಲ್ಲುವವನು, ಎಲ್ಲರದೂ ಆದ ಮೇಲೆ ಉಣ್ಣುವವನು. ಬಂದ ಸಂಬಂಧಗಳು ಒಂದೊಂದಾಗಿ ಹಿಂದಕ್ಕೆ ಹೋದವು. ಕೊನೆಗೆ ಮಳವಳ್ಳಿ ಕಡೆಯ ಒಬ್ಬ ಗೌಡರು ಬಂದು ನಮ್ಮ ಜಗಲಿಯ ಮೇಲೆ ಕುಳಿತರು. ಯುದ್ಧ ಮುಗಿದ ಮರುವರ್ಷ ಅದು.

“ನೋಡವ್ವ,” ಅಂದರು ನಮ್ಮವ್ವನಿಗೆ, “ನಿಮ್ ಗದ್ದೆ ನೋಡಿವ್ನಿ, ನಿಮ್ ವಂಸ ಗೊತ್ತು. ಉಡ್ಗನೂ ಆಳು ಚೆಂದಾಗವ್ನೆ. ಆದ್ರೆ ಊದೋನ್ಗೆ ನಾನು ಎಣ್ಣು ಕೊಡಕಿಲ್ಲ. ಧಾರೆ ಎರೆಸ್ಕೊಂಡ ಗಳಿಗೆಯಿಂದ ಅದನ್ನ ಮೂತಿಗೆ ಮುಟ್ಟುಸ್ಬಾರ್ದು. ಅವನೇ ಯೋಳ್ಲಿ.”

ಅಪ್ಪ ತೀರಿಕೊಂಡು ಬಹಳ ದಿನವಾಗಿತ್ತು, ಮಾತನಾಡಬೇಕಾದವನು ಅಣ್ಣನೇ. ಸಂಗೀತವೇ ನನ್ನ ಉಸಿರು ಅಂತ ಮುತ್ತತ್ತಿಯ ಹೊಳೆದಂಡೆಯಲ್ಲಿ ಕುಳಿತು ಗೆಳೆಯರಿಗೆ ಹೇಳಿ ಅಳಿಸಿದ್ದವನು ಈಗ ಏನು ಹೇಳುತ್ತಾನೋ ಅಂತ ನಾನು ಕಂಬಕ್ಕೆ ಒರಗಿಕೊಂಡು ಕಾದೆ. ಅವನು ಒಂದು ಎಲೆಗೆ ಸುಣ್ಣ ಹಚ್ಚಿ ಮುಗಿಸುವುದರೊಳಗೆ ಉಸಿರು ಬಿಟ್ಟ.

“ಆಯ್ತು ಬುಡಿ ಮಾವ, ಮುಟ್ಟಕಿಲ್ಲ,” ಅಂದ.

ವೀಳ್ಯ ಬದಲಾಯಿತು. ಹೆಣ್ಣನ್ನು ಯಾರೂ ಏನೂ ಕೇಳಲಿಲ್ಲ. ಗದ್ದೆಯನ್ನಾದರೂ ನೋಡಿಕೊಂಡು ಬಂದಿದ್ದರು.

ನಮ್ಮಲ್ಲಿ ಮದುವೆ ಗಂಡಿನ ಮನೆಯಲ್ಲಿ. ಬ್ಯಾಂಡು ನಮ್ಮೂರಿನದೇ. ಕ್ಲಾರಿನೆಟ್ಟಿನವನೇ ಮದುಮಗನಾದ ಮೇಲೆ ಊದುವವರು ಯಾರು? ಮದ್ದೂರಿನಲ್ಲಿ ಒಬ್ಬನಿದ್ದ. ದೇವಸ್ಥಾನದ ವಾಲಗದ ಮನೆತನದವನು, ಕಾಲ ನೋಡಿ ಕ್ಲಾರಿನೆಟ್ಟಿಗೆ ಬದಲಾದವನು. ಮೇಷ್ಟ್ರು ತಾವೇ ಹೋಗಿ ಅವನಿಗೆ ನಮ್ಮ ಸೆಟ್ಟಿನ ರೀತಿ ಹೇಳಿಕೊಟ್ಟು ಬರುತ್ತೇನೆ ಅಂದರು. ಅಣ್ಣ ಬಿಡಲಿಲ್ಲ. ಬ್ಯಾಂಡಿಗೆ ಇದು ನನ್ನ ಕೊನೇ ಸೇವೆ ಅಂತ ಹೇಳಿ, ಅರಿಸಿನ ಹಚ್ಚಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಮದ್ದೂರಿಗೆ ಹೋಗಿ ಸಂಜೆಗೆ ಬಂದ. ಎಂಥಾ ಶ್ರದ್ಧೆ ಅಂತ ಎಲ್ಲರೂ ತಲೆದೂಗಿದರು.

ಧಾರೆಯಾಯಿತು. ಬಿಸಿಲು ಇಳಿದ ಮೇಲೆ ಮೆರವಣಿಗೆ ಹೊರಟಿತು. ಮುಂದೆ ಬ್ಯಾಂಡು, ಹಿಂದೆ ಯಾರೋ ಕಂಟ್ರಾಕ್ಟರರಿಂದ ಕೇಳಿ ತಂದಿದ್ದ ಟಾಪಿಲ್ಲದ ಕಾರಿನಲ್ಲಿ ಅಣ್ಣ, ಪಕ್ಕದಲ್ಲಿ ಅತ್ತಿಗೆ. ಅವನ ಶಲ್ಯಕ್ಕೂ ಅವಳ ಸೆರಗಿಗೂ ಗಂಟು. ಕಾರಿನ ಒಂದು ಮಗ್ಗುಲಲ್ಲಿ ಗೌಡರು ಮತ್ತು ಮಳವಳ್ಳಿ ಕಡೆಯ ನೆಂಟರು, ಇನ್ನೊಂದು ಮಗ್ಗುಲಲ್ಲಿ ನಾವು.

ಪೇಟೆಬೀದಿಯ ಮಸೀದಿಯ ಮೂಲೆಯಿಂದ ಜಟಕಾ ಸ್ಟ್ಯಾಂಡಿನವರೆಗೆ ಯಾವ ಮೆರವಣಿಗೆಯಾದರೂ ಬಾಜಾ ನಿಲ್ಲಿಸಿ ನಡೆಯಬೇಕು. ಇದು ಹಿಂದಿನಿಂದ ಬಂದ ಮಾತು. ಕೊಟ್ಟವರಾರು, ತೆಗೆದುಕೊಂಡವರಾರು ಯಾರಿಗೂ ನೆನಪಿಲ್ಲ, ಆದರೆ ಮೀರಿದವರಿಲ್ಲ. ದೂರದ ಊರುಗಳಿಂದ ಕೆಟ್ಟ ಸುದ್ದಿ ಬರತೊಡಗಿದ ಮೇಲಂತೂ ಎಲ್ಲರೂ ಆ ಮೂಲೆಯಲ್ಲಿ ಸ್ವಲ್ಪ ಹೆಚ್ಚೇ ಮೆಲ್ಲಗೆ ನಡೆಯುತ್ತಿದ್ದರು. ನಮ್ಮ ಸೆಟ್ಟಿಗೆ ಇದು ನೀರು ಕುಡಿದಷ್ಟು ಅಭ್ಯಾಸ. ಅರ್ಧ ಜನ ಅದೇ ಮಸೀದಿಗೆ ನಮಾಜಿಗೆ ಹೋಗುವವರು. ಅವತ್ತು ಸಂಜೆಯ ನಮಾಜಿನ ಹೊತ್ತಾಯಿತು ಅಂತ ಮೇಷ್ಟ್ರು ಡ್ರಮ್ಮಿನವನ ಬೆನ್ನು ತಟ್ಟಿ, ಮೆರವಣಿಗೆಯನ್ನು ಬಿಟ್ಟು ಮುಂದೆ ಹೋಗಿ ಮಸೀದಿಯೊಳಗೆ ಸೇರಿಕೊಂಡಿದ್ದರು. ಬ್ಯಾಂಡಿನ ಚಿಂತೆ ಅವರಿಗಿರಲಿಲ್ಲ. ಮೊಣಕೈ ಇದೆಯಲ್ಲ.

ಮೂಲೆ ಬಂತು. ಮದ್ದೂರಿನವನು ಊದುತ್ತಲೇ ಇದ್ದ. ಪಾಪ, ಚೆನ್ನಾಗಿಯೇ ಊದುತ್ತಿದ್ದ. ಅವನ ಎಡ ಮೊಣಕೈ ಪಕ್ಕೆಗೆ ಅಂಟಿಕೊಂಡಿತ್ತು. ಮಿಕ್ಕವರ ಕಣ್ಣೆಲ್ಲ ಆ ಮೊಣಕೈಗೆ ಅಂಟಿಕೊಂಡಿದ್ದವು. ಕಾರ್ನೆಟ್ಟು ಅನ್ನುವ ಹಿತ್ತಾಳೆ ತುತ್ತೂರಿ ಊದುವ ಸಾಬರ ಹುಡುಗ ದಿನಕ್ಕೆ ಐದು ಸಲ ಚಪ್ಪಲಿ ಬಿಡುವ ಮೆಟ್ಟಿಲು ಅವನ ಎಡಗಡೆ ಕೈಗೆ ಸಿಕ್ಕುವ ಹಾಗಿದೆ. ಅವನು ಕೆನ್ನೆ ಉಬ್ಬಿಸಿಕೊಂಡು ಊದುತ್ತಿದ್ದಾನೆ. ಡ್ರಮ್ಮಿನವನು ಬಡಿಯುತ್ತಿದ್ದಾನೆ. ಒಬ್ಬೊಬ್ಬನ ಮುಖದಲ್ಲೂ ಬೆವರು. ತಪ್ಪಾಗುತ್ತಿದೆ ಅಂತ ಎಲ್ಲರಿಗೂ ಗೊತ್ತು. ನಿಲ್ಲಿಸುವ ಅಧಿಕಾರ ಮೊಣಕೈಗೆ ಮಾತ್ರ. ಶಿಸ್ತು ಅಂದರೆ ಇದು. ಒಳಗೆ ಸಾಲಿನಲ್ಲಿ ನಿಂತ ಮೇಷ್ಟ್ರು ತಾವೇ ಬಡಿದು ಸರಿ ಮಾಡಿದ ಒಂದೊಂದು ವಾದ್ಯದ ದನಿಯನ್ನೂ ಗುರುತು ಹಿಡಿದಿರಬೇಕು. ನಮಾಜಿನ ನಡುವೆ ಅವರು ತಿರುಗುವ ಹಾಗಿಲ್ಲ.

ಆಗಲೇ ಅಣ್ಣ ಕಾರಿನಿಂದ ಹಾರಿದ್ದು. ಗಂಟು ಹಾಕಿದ ಶಲ್ಯ ಅವನ ಭುಜದಿಂದ ಜಾರಿ ಅತ್ತಿಗೆಯ ಮಡಿಲಿಗೆ ಬಿತ್ತು. ಬಾಸಿಂಗ ಕಟ್ಟಿದ ಹಣೆಯಲ್ಲೇ ಓಡಿದ. ಮದ್ದೂರಿನವನ ಬಾಯಿಂದ ಕ್ಲಾರಿನೆಟ್ ಕಿತ್ತುಕೊಂಡು, ಒರೆಸದೆ, ತನ್ನ ಬಾಯಿಗಿಟ್ಟ. ಉದ್ದದೊಂದು ಸ್ವರ. ಮೊಣಕೈ ಎದ್ದಿತು, ಇಳಿಯಿತು. ಎಲ್ಲ ಗಪ್.

ಇಷ್ಟೇ.

ಒಳಗಿನಿಂದ ನಮಾಜು ಮುಗಿಸಿದ ಒಬ್ಬ ಮುದುಕರು ಮೆಟ್ಟಿಲಿಗೆ ಬಂದರು. ಸಭೆಯ ಕತೆಯಲ್ಲಿ ಕಣ್ಣೊರೆಸಿಕೊಳ್ಳುವವರು ಇವರೇ. “ಆಯ್ತಲ್ಲಪ್ಪಾ, ದಾರಿ ಬುಟ್ಟು ನಡೀರಿ, ಜಟಕಾ ನಿಂತದೆ,” ಅಂದರು. ಅವರ ಹಿಂದೆಯೇ ಮೇಷ್ಟ್ರು ಬಂದರು. ಮುಖ ಕಾದ ತಗಡು.

“ಕಣ್ಣಿರ್ಲಿಲ್ವೇನ್ರೋ ನಿಮ್ಗೆ?”

“ಕಣ್ಣಿತ್ತು ಸಾಬ್ರೇ,” ಅಂದ ಡ್ರಮ್ಮಿನವನು, “ಮೊಣಕೈ ಇರ್ಲಿಲ್ಲ.”

ನಾನು ನಕ್ಕೆ. ಗೌಡರು ನಗಲಿಲ್ಲ. ಅವರು ನೋಡುತ್ತಿದ್ದದ್ದು ಅಳಿಯನ ಬಾಯಿಯನ್ನು. ತುಟಿಯ ಮೇಲೆ ಇನ್ನೊಬ್ಬನ ಎಂಜಲು ಇನ್ನೂ ಹೊಳೆಯುತ್ತಿತ್ತು.

ಚಪ್ಪರಕ್ಕೆ ವಾಪಸು ಬಂದ ಕೂಡಲೇ ಶುರುವಾಯಿತು. ಗೌಡರು ಕೂಗಾಡುವ ಮನುಷ್ಯರಲ್ಲ. ಅದು ಇನ್ನೂ ಕಷ್ಟ.

“ಬೆಳಿಗ್ಗೆ ಧಾರೆ ಎರ್ದೆ. ಕತ್ಲಾಗೋಕ್ ಮುಂಚೆ ಮಾತು ಮುರ್ದ. ಅದೂ ಯಾವನೋ ಊದ್ತಿದ್ದದ್ದ ಕಿತ್ಕೊಂಡು ಅಂಗೇ ಬಾಯಿಗ್ ಮಡಿಕ್ಕೊಂಡ. ನನ್ ಮಗಳು ಈ ಬಾಯ್ ಜೊತೆ ಒಂದೇ ಎಲೇಲಿ ಉಣ್ಬೇಕಾ? ಏಳವ್ವ. ಗಾಡಿ ಕಟ್ಸ್ತೀನಿ.”

ಅತ್ತಿಗೆ ಏಳಲಿಲ್ಲ, ಕುಳಿತೂ ಇರಲಿಲ್ಲ. ಕಂಬ ಹಿಡಿದುಕೊಂಡು ಮಧ್ಯದಲ್ಲಿ ಬಾಗಿ ನಿಂತಿದ್ದಳು. ಶಲ್ಯ ಇನ್ನೂ ಅವಳ ಸೆರಗಿಗೇ ಗಂಟು ಬಿದ್ದಿತ್ತು. ಅಣ್ಣ ತಲೆ ತಗ್ಗಿಸಿಕೊಂಡಿದ್ದ. ಅವ್ವ ನನ್ನ ಕಡೆ ನೋಡಿದಳು.

“ಅಷ್ಟು ಓದ್ಸಿವ್ನಿ, ಬಾಯ್ ಬುಡ್ಲಾ.”

ಬಿಟ್ಟೆ. ಗೌಡರೇ, ಮಾತು ಮುರಿಯುವುದು ಬೇರೆ, ಮಾತನ್ನು ಬಲಿ ಕೊಡುವುದು ಬೇರೆ, ಅಂದೆ. ಅವನು ನುಡಿಸಿದ್ದೆಷ್ಟು? ಒಂದು ಸ್ವರ. ಯಾಕೆ? ನಿಲ್ಲಿಸುವುದಕ್ಕೆ. ಅವನಲ್ಲದೆ ಇನ್ನು ಯಾರಾದರೂ ನಿಲ್ಲಿಸಲು ಆಗುತ್ತಿತ್ತೇ? ಆಗುತ್ತಿರಲಿಲ್ಲ, ಬ್ಯಾಂಡಿನವರನ್ನೇ ಕೇಳಿ. ನಿಲ್ಲಿಸದೆ ಇದ್ದಿದ್ದರೆ, ಈ ಕಾಲದಲ್ಲಿ, ನಾಳೆ ಬೆಳಿಗ್ಗೆ ಪೇಟೆಬೀದಿಯಲ್ಲಿ ಏನಾಗುತ್ತಿತ್ತೋ ನಿಮಗೆ ಗೊತ್ತೇ? ಬಾವಿಗೆ ಬಿದ್ದವನನ್ನು ಎತ್ತುವಾಗ ಹಗ್ಗ ಯಾರದ್ದು ಅಂತ ಕೇಳುತ್ತೀರಾ? ನಿಮ್ಮ ಅಳಿಯ ತನ್ನ ಆಸೆಗೆ ಕ್ಲಾರಿನೆಟ್ ಮುಟ್ಟಲಿಲ್ಲ, ಊರಿಗಾಗಿ ಮುಟ್ಟಿದ.

ಬಹುಮಾನ ಬಂದ ಯಾವ ಸ್ಪರ್ಧೆಯಲ್ಲೂ ನಾನು ಅಷ್ಟು ಚೆನ್ನಾಗಿ ಮಾತನಾಡಿಲ್ಲ.

ಗೌಡರು ಅಲುಗಲಿಲ್ಲ. ವಾದಕ್ಕೆ ಸೋತು ಮನಸ್ಸು ಬದಲಾಯಿಸಿದ ಗೌಡರನ್ನು ನಾನು ಇನ್ನೂ ನೋಡಬೇಕಾಗಿದೆ. “ಓದೋನು, ಚೆಂದಾಗಿ ಯೋಳ್ದೆ,” ಅಂದು ಮಗಳ ಕಡೆ ತಿರುಗಿದರು. “ನೀ ಬತ್ತೀಯೋ ಇಲ್ವೋ?”

ಆಗ ಅತ್ತಿಗೆ ನೆಟ್ಟಗೆ ನಿಂತಳು. ಅವಳ ದನಿ ನಾವು ಕೇಳಿದ್ದು ಅದೇ ಮೊದಲು.

“ಊರಿಗ್ ಕೇಡಾಗ್ದೆ ಇರ್ಲಿ ಅಂತ ಮಾಡವ್ರೆ ಕಣಪ್ಪ. ನಾ ಬರಕಿಲ್ಲ.”

“ಅಂಗಾರೆ ನಿಂಗೆ ತವರಿಲ್ಲ ಕಣವ್ವ.”

ಬೀಗರೂಟದ ಎಲೆ ಮುಟ್ಟದೆ ಅವರೆಲ್ಲ ಗಾಡಿ ಹತ್ತಿದರು. ಬೇಯಿಸಿಟ್ಟಿದ್ದ ಅಷ್ಟು ಅಡಿಗೆಯನ್ನು ಬ್ಯಾಂಡಿನವರು ತಿಂದರು. ಒಂದು ಮದುವೆಯಲ್ಲಿ ಅವರು ಮೊದಲ ಪಂಕ್ತಿಯಲ್ಲಿ ಕುಳಿತದ್ದು ಅದೊಂದೇ ಸಲ ಇರಬೇಕು.

ಆ ವರ್ಷ ಗೌರಿಹಬ್ಬಕ್ಕೆ ಅತ್ತಿಗೆಯನ್ನು ಕರೆಯಲು ಯಾರೂ ಬರಲಿಲ್ಲ. ಹೊಸದಾಗಿ ಮದುವೆಯಾದವಳಿಗೆ ತವರಿನ ಬಾಗಿನ ಬಾರದೆ ಇರುವುದು ಎಂದರೆ ಏನು ಅಂತ ನನಗೆ ವಿವರಿಸಿ ಗೊತ್ತಿಲ್ಲ. ಅವತ್ತು ಅವಳು ಬೆಳಗಿನಿಂದ ಮೂರು ಸಲ ಬೀದಿಬಾಗಿಲಿಗೆ ನೀರು ಹಾಕಿದಳು. ಬಾವಿಕಟ್ಟೆಯಲ್ಲಿ ಹೆಂಗಸರು ಕೆಣಕಿದಾಗ ನನ್ನ ವಾದವನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದಳು. ಒಂದು ಸಾಕ್ಷಿಯನ್ನೂ ಸೇರಿಸಿಕೊಂಡಿದ್ದಳು: “ಅವ್ರಿಗೆ ಮುಂಚೇನೇ ಗೊತ್ತಾಗಿತ್ತು ಕಣಕ್ಕ. ಮಸೀದಿ ಇನ್ನೂ ದೂರ ಇತ್ತು, ಆಗ್ಲೇ ಅವ್ರ ಕೈ ಕಾರಿನ್ ಬಾಗ್ಲು ಮೇಲಿತ್ತು. ನಾನೇ ಕಂಡಿವ್ನಿ. ಅಷ್ಟು ನಿಗಾ ಅವ್ರಿಗೆ ಊರಂದ್ರೆ.”

ಅಣ್ಣನಿಗೆ ಮಾತ್ರ ಎರಡು ಕಡೆಯಿಂದಲೂ ಲಾಭ. ಊರಿಗಾಗಿ ಮಾತು ಮುರಿದವನು ಅಂತ ಒಂದು ಹೆಸರು. ಆಮೇಲೆ ಮತ್ತೆ ಕ್ಲಾರಿನೆಟ್ ಮುಟ್ಟದೆ ಮಾತು ಉಳಿಸಿಕೊಂಡವನು ಅಂತ ಇನ್ನೊಂದು ಹೆಸರು. ಒಂದು ಸ್ವರ ಬಾಯಿಂದ ಬಾಯಿಗೆ ಹೋಗುತ್ತಾ ಹಾಡಾಯಿತು, ಹಾಡು ಕಚೇರಿಯಾಯಿತು, ದೊಣ್ಣೆಗಳು ಹುಟ್ಟಿಕೊಂಡವು. ಅಣ್ಣ ಯಾವುದನ್ನೂ ಹೇಳಲಿಲ್ಲ, ಯಾವುದನ್ನೂ ಅಲ್ಲಗಳೆಯಲಿಲ್ಲ. ಜಗಲಿಯ ಮೇಲೆ ಕುಳಿತು, ದೊಡ್ಡ ಮನುಷ್ಯರು ಮುಗುಳ್ನಗುವ ಹಾಗೆ ಮುಗುಳ್ನಗುವುದನ್ನು ಕಲಿತ. ಮೈದಾನದ ಸಭೆಯಲ್ಲಿ ಅವನನ್ನು ವೇದಿಕೆಗೆ ಕರೆದರು. ಹೋದ. ಹಾರ ಹಾಕಿದರು. ಹಾಕಿಸಿಕೊಂಡ. ಕೆಳಗೆ ನಮ್ಮ ಬ್ಯಾಂಡು ಊದುತ್ತಿತ್ತು, ದಂಡಿಗೆ ಜನ ಸೇರಿಸಿದ ಅದೇ ಹಾಡು.

ಸಭೆಯಾದ ಮುಂದಿನ ವಾರ ನಾನು ಬೆಂಗಳೂರಿನ ಒಂದು ಸ್ಪರ್ಧೆಯಿಂದ ರೈಲಿನಲ್ಲಿ ಬರುತ್ತಿದ್ದೆ. ಮದ್ದೂರಿನಲ್ಲಿ ಒಬ್ಬ ಮನುಷ್ಯ ಕಂಕುಳಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಗಂಟು ಇಟ್ಟುಕೊಂಡು ಹತ್ತಿ ನನ್ನ ಎದುರು ಕುಳಿತ. ಯಲಿಯೂರಿಗೆ ಮದುವೆಗೆ ಹೊರಟವನು. ಮುಖ ಗುರುತು ಸಿಕ್ಕಿತು, ಅವನಿಗೂ ಸಿಕ್ಕಿತು.

“ತಾವು ಆ ಮದ್ವೆ ಗಂಡಿನ ತಮ್ಮ ಅಲ್ವಾ ಬುದ್ಧಿ? ಚಪ್ಪರದಲ್ಲಿ ಮಾತಾಡುದ್ರಲ್ಲ.”

“ಹೌದು. ನೀನೇ ಅಲ್ಲವಾ ಮಸೀದಿ ಮುಂದೆ ಊದಿ ನಮ್ಮನೆ ಮುಳುಗಿಸಿದವನು?”

ಅವನಿಗೆ ಸಿಟ್ಟು ಬಂತು. ಬಹಳ ದಿನದಿಂದ ಇಟ್ಟುಕೊಂಡಿದ್ದ ಸಿಟ್ಟು.

“ಊರೂರಲ್ಲೂ ಇದೇ ಆಗೋಯ್ತು ನಂಗೆ. ಮದ್ದೂರಲ್ಲಿ ಮಸೀದಿ ಇಲ್ವಾ ಬುದ್ಧಿ? ಎಲ್ ನಿಲ್ಲುಸ್ಬೇಕು ಅನ್ನೋದು ನಂಗ್ ಗೊತ್ತಿಲ್ವಾ? ನಿಮ್ಮಣ್ಣಾರು ಬಂದು ಎಲ್ಲಾ ಆಡೂ ಊದ್ಸಿ ನೋಡುದ್ರು. ನಾನೇ ಕೇಳ್ದೆ, ಮಸೀದಿ ಮೂಲೇಲಿ ಎಂಗೆ, ನಿಮ್ ಸೆಟ್ನೋರ್ಗೆ ಏನ್ ಸನ್ನೆ ಮಾಡ್ಬೇಕು ಅಂತ. ‘ಅದು ನಿಂಗ್ ಬ್ಯಾಡ, ನೀನು ಊದ್ತಾನೇ ಇರು, ನಾನಿರ್ತೀನಲ್ಲ’ ಅಂದ್ರು. ಮದ್ವೆ ಗಂಡು ಯೋಳುದ್ ಮೇಲೆ ನಾನ್ಯಾವನು?”

“ಇದನ್ನು ಅವತ್ತೇ ಯಾಕೆ ಹೇಳಲಿಲ್ಲ?”

“ನನ್ನ ಯಾರ್ ಕೇಳುದ್ರು? ಕಿತ್ಕೊಂಡ್ರು, ಊದುದ್ರು, ವಾಪಸ್ ಕೊಟ್ರು. ನಾನು ಒರಸ್ಕೊಂಡೆ.”

ನಾನು ಚಪ್ಪರದಲ್ಲಿ ಅಷ್ಟು ಮಾತನಾಡುವ ಮೊದಲು ಆ ಒಬ್ಬ ಸಾಕ್ಷಿಯನ್ನು ಕೇಳಬಹುದಾಗಿತ್ತು. ಯಾವ ನ್ಯಾಯಾಧೀಶನಾದರೂ ಕೇಳುತ್ತಿದ್ದ. ಊದುವವನನ್ನು ಕೇಳುವುದು ನಮ್ಮ ಕಡೆ ಪದ್ಧತಿಯಲ್ಲ. ಆದರೆ ಬ್ಯಾಂಡು ಮನುಷ್ಯನನ್ನು ಏನು ಮಾಡುತ್ತದೆ ಅಂತ ಯಾರಾದರೂ ಕೇಳಿದರೆ ಈಗ ನನ್ನ ಹತ್ತಿರ ಉತ್ತರವಿದೆ. ಹಿಂದೆ ನಡೆಯುವವರಿಗೆ ತಮ್ಮ ಮಸೀದಿ ತಮಗೆ ಕಾಣದ ಹಾಗೆ ಮಾಡುತ್ತದೆ. ಮುಂದೆ ನಡೆಯುವವನಿಗೆ ತಾನು ಕೈ ಎತ್ತದಿದ್ದರೆ ಊರು ನಿಲ್ಲುವುದಿಲ್ಲ ಅನ್ನಿಸುತ್ತದೆ. ಅದು ಬರೀ ಅನಿಸಿಕೆಯಾಗಿ ಉಳಿಯದಿರಲಿ ಅಂತ ಅವನು ಮದ್ದೂರಿಗೂ ಹೋಗಿ ಬರುತ್ತಾನೆ. ಇದು ನನ್ನ ಅನುಮಾನ. ಅನುಮಾನವನ್ನು ತೀರ್ಪು ಅಂತ ಮಂಡಿಸಬಾರದು ಅಂತಲೂ ನನ್ನ ಕಾಲೇಜಿನ ಮೇಷ್ಟರು ಕಲಿಸಿದ್ದಾರೆ. ಅಣ್ಣನೇ ಹೇಳಬೇಕು.

ಮಂಡ್ಯದಲ್ಲಿ ಇಳಿದು ಮನೆಗೆ ಬಂದೆ. ಅಣ್ಣ ಜಗಲಿಯ ಮೇಲಿದ್ದ. ಸಭೆಯ ಹಾರ ಒಣಗಿದ್ದರೂ ಗೂಟದಿಂದ ತೆಗೆದಿರಲಿಲ್ಲ. ಬಾಗಿಲ ಒಳಗೆ ಅತ್ತಿಗೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಈ ಸಲವೂ ಗೌರಿಹಬ್ಬ ಹತ್ತಿರವಿತ್ತು.

“ಬಂದ್ಯಾ ಕಾಲೇಜಪ್ಪ,” ಅಂದಳು ಒಳಗಿನಿಂದ. “ಗೆದ್ಯಾ, ಸೋತ್ಯಾ?”

“ಗೊತ್ತಿಲ್ಲ ಅತ್ಗೆ. ರೈಲಲ್ಲಿ ಮದ್ದೂರಿನ ಕ್ಲಾರಿನೆಟ್ಟಿನವನು ಸಿಕ್ಕಿದ್ದ.”

ಅಣ್ಣ ನನ್ನ ಕಡೆ ನೋಡಿದ. ಆಮೇಲೆ ಒಳಗಿನ ಬಾಗಿಲ ಕಡೆ ನೋಡಿದ. ಅವನ ಎಡ ಮೊಣಕೈ ತೊಡೆಯಿಂದ ಒಂದಿಷ್ಟು ಮೇಲಕ್ಕೆದ್ದಿತು. ಸಾಕು ಅನ್ನುವ ಸನ್ನೆ. ನಾನು ಸೆಟ್ಟಿನವನಲ್ಲ. ಒಳಗೆ ಮೊರದ ಸದ್ದು ನಿಂತಿತು.

“ಅಣ್ಣಾ,” ಅಂದೆ, “ಮಸೀದಿ ಮೂಲೇಲಿ ಏನು ಸನ್ನೆ ಮಾಡಬೇಕು ಅಂತ ಅವನು ಬಾಯಿಬಿಟ್ಟು ಕೇಳಿದಾಗ, ನಾನಿರ್ತೀನಲ್ಲ ಅಂತ ಯಾಕಂದೆ?”